ಸತ್ಯಾಂಶ: ಡ್ರಾಫ್ಟ್‌ನಲ್ಲಿ ಮೊದಲ ಹೆಸರು ಬಂದವನೇ ತಾರೆಯೇ?

‘ಅಮೆರಿಕದ ಬೇಸ್‌ಬಾಲ್ ಡ್ರಾಫ್ಟ್‌ನಲ್ಲಿ ಮೊದಲು ಆಯ್ಕೆಯಾದ ಹುಡುಗ ನೇರ ಮೇಜರ್ ಲೀಗ್‌ಗೆ, ಕೊನೆಯ ಸುತ್ತಿಗೆ ಉಳಿದವನ ಕಥೆ ಅಲ್ಲಿಗೇ ಮುಗಿಯಿತು’ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಹಾಗೇನಿಲ್ಲ. (ಡ್ರಾಫ್ಟ್ ಎಂದರೆ ತಂಡಗಳು ಸರದಿಯಂತೆ, ಸುತ್ತು ಸುತ್ತಾಗಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ; ಮೇಜರ್ ಲೀಗ್ ಅಲ್ಲಿನ ಅತ್ಯುನ್ನತ ಹಂತ.)

ಆಯ್ಕೆಯಾದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಮೊದಲು ಕೆಳಹಂತದ ಮೈನರ್ ಲೀಗ್‌ಗೆ ಹೋಗುತ್ತಾರೆ. ಬಸ್ಸಿನಲ್ಲಿ ಊರೂರು ಸುತ್ತುತ್ತಾ ವರ್ಷಗಟ್ಟಲೆ ಆಡಬೇಕು. ಹಲವರು ಅಲ್ಲೇ ಉಳಿದುಬಿಡುತ್ತಾರೆ.

1991ರಲ್ಲಿ ಯಾಂಕೀಸ್ ತಂಡ ಎಲ್ಲರಿಗಿಂತ ಮೊದಲು ಆರಿಸಿಕೊಂಡದ್ದು ಹೈಸ್ಕೂಲಿನ ಎಡಗೈ ಪಿಚರ್ (ಚೆಂಡು ಎಸೆಯುವ ಆಟಗಾರ) ಬ್ರಿಯೆನ್ ಟೇಲರ್‌ನನ್ನು. ಕೊಟ್ಟದ್ದು 15.5 ಲಕ್ಷ ಡಾಲರ್. 1993ರ ಕೊನೆಗೆ ಒಂದು ಹೊಡೆದಾಟದಲ್ಲಿ ಭುಜಕ್ಕೆ ಪೆಟ್ಟು ಬಿತ್ತು, ಮೇಜರ್ ಲೀಗ್‌ನಲ್ಲಿ ಒಂದು ಚೆಂಡನ್ನೂ ಎಸೆಯಲಾಗಲಿಲ್ಲ.

ಇನ್ನೊಂದು ತುದಿಯಲ್ಲಿ ಮೈಕ್ ಪಿಯಾಜಾ. 1988ರಲ್ಲಿ 62ನೇ ಸುತ್ತು, ಒಟ್ಟು ಲೆಕ್ಕದಲ್ಲಿ 1,390ನೆಯವನು. ಡಾಡ್ಜರ್ಸ್ ತಂಡ ಕರೆದದ್ದೂ ಪ್ರತಿಭೆ ನೋಡಿಯಲ್ಲ, ಮ್ಯಾನೇಜರ್ ಟಾಮಿ ಲಸೋರ್ಡಾ ಅವನ ಅಪ್ಪನ ಗೆಳೆಯ ಎಂಬ ದಾಕ್ಷಿಣ್ಯಕ್ಕೆ! ಆಮೇಲೆ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಆಗಿ ಪಳಗಿ, ಕ್ರಿಕೆಟ್ಟಿನ ಸಿಕ್ಸರಿನಂಥ ಹೋಮ್ ರನ್ 427 ಬಾರಿಸಿ, 2016ರಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ.

ಈಗ ಡ್ರಾಫ್ಟ್ ಇರುವುದೇ 20 ಸುತ್ತು. ಇಂದಾಗಿದ್ದರೆ ಪಿಯಾಜಾನ ಹೆಸರನ್ನು ಯಾರೂ ಕೂಗುತ್ತಲೇ ಇರಲಿಲ್ಲ.