ಬೇಕಂತಲೇ ಮಗುಚುವ ದೋಣಿ

ಮಲ್ಪೆ ಕಡೆಯವರಿಗೆ ದೋಣಿ ಅಂದರೇನು ಅಂತ ವಿವರಿಸುವುದು, ಮಠದ ಅಡುಗೆಯವರಿಗೆ ಸಾರು ಮಾಡಲು ಕಲಿಸಿದ ಹಾಗೆ. ಅದರಲ್ಲೂ ನನ್ನ ಮಗನ ಹಾಯಿದೋಣಿಗೆ ಎಂಜಿನ್ ಇಲ್ಲ, ಬಲೆ ಇಲ್ಲ, ಅದರಲ್ಲಿ ಹಿಡಿಸುವುದು ಒಬ್ಬನೇ ಹುಡುಗ. "ಮತ್ತೆ ಇದರಲ್ಲಿ ಎಂತ ಮಾಡುವುದು ಮಾರಾಯ್ರೆ?" ಅಂತ ಎಲ್ಲರೂ ಕೇಳುತ್ತಾರೆ. ರೇಸ್ ಅಂದರೆ ನಗುತ್ತಾರೆ.

ನನ್ನ ಮಗ ಹೈದರಾಬಾದಿನ ಹುಸೇನ್ ಸಾಗರದಲ್ಲಿ ನಡೆಯುವ ರಾಷ್ಟ್ರ ಮಟ್ಟದ ಹಾಯಿದೋಣಿ ಸ್ಪರ್ಧೆಗೆ ಹೊರಟಿದ್ದಾನೆ. ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ ಸಮುದ್ರ ಇರುವಾಗ ಅಷ್ಟು ದೂರದ ಕೆರೆಗೆ ಯಾಕೆ ಹೋಗಬೇಕು ಅಂತ ಅಮ್ಮನಿಗೆ ಇನ್ನೂ ಅರ್ಥವಾಗಿಲ್ಲ. ಅವನ ದೋಣಿಯ ಹೆಸರು ಆಪ್ಟಿಮಿಸ್ಟ್. 15 ವರ್ಷದವರೆಗಿನ ಮಕ್ಕಳಿಗಾಗಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ಅನ್ನುವವರು 1947ರಲ್ಲಿ ಇದನ್ನು ರೂಪಿಸಿದರಂತೆ. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ. ನಮ್ಮ ಮನೆಯ ಸ್ವಾತಂತ್ರ್ಯ ಹೋದದ್ದು ಮಾತ್ರ ಇದರಿಂದಲೇ.

ಉದ್ದ ಏಳೂಮುಕ್ಕಾಲು ಅಡಿ, ಖಾಲಿ ದೋಣಿಯ ತೂಕ 35 ಕಿಲೋ. ಮೂತಿ ಚೂಪಿಲ್ಲ, ಚಪ್ಪಟೆ. ಕಾರಿನ ಮೇಲೆ ಕವುಚಿ ಕಟ್ಟಿಕೊಂಡು ಸಂತೆಕಟ್ಟೆಯಲ್ಲಿ ನಿಂತಿದ್ದಾಗ ಪಕ್ಕದ ರಿಕ್ಷಾದವರು ತಲೆ ಹೊರಹಾಕಿ, "ಬಾತ್‌ಟಬ್ ಎಷ್ಟಾಯ್ತು ಸರ್?" ಅಂದರು. ಹೆಂಡತಿ ಬೆಲೆ ಹೇಳಿಯೂಬಿಟ್ಟಳು. ಅವರು ಸಿಗ್ನಲ್ ಬಿಟ್ಟರೂ ಗಾಡಿ ಎತ್ತಲಿಲ್ಲ.

ಸ್ಪರ್ಧೆಗೆ ಮೊದಲು ದೋಣಿಯ ತಪಾಸಣೆ ಇರುತ್ತದೆ. ಕಂಬಕ್ಕೂ ಹಾಯಿಗೂ ನಡುವೆ 10 ಮಿಲಿಮೀಟರಿಗಿಂತ ಜಾಸ್ತಿ ಸಂದು ಇರಬಾರದು. ಮುಂದೆ ಕಟ್ಟುವ ಹಗ್ಗ ಕನಿಷ್ಠ 8 ಮೀಟರ್ ಇರಬೇಕು, ಅದೂ ತೇಲಬೇಕು. ಮಲ್ಪೆಯ ಬಲೆ ಅಂಗಡಿಗೆ ಹೋಗಿ 8 ಮೀಟರ್ ಹಗ್ಗ ಕೇಳಿದೆ. ಅಂಗಡಿಯವರು ತಕ್ಕಡಿ ನೋಡಿದರು, ನನ್ನನ್ನು ನೋಡಿದರು. ಅಲ್ಲಿ ಹಗ್ಗ ಕೊಡುವುದು ಕಿಲೋ ಲೆಕ್ಕದಲ್ಲಿ. ಕೊನೆಗೆ, "ಬಾವಿಗಾ?" ಅಂದರು. ನೈಲಾನ್ ಮುಳುಗುತ್ತದೆ, ಪಾಲಿಪ್ರೊಪಿಲಿನ್ ತೇಲುತ್ತದೆ ಅಂತ ಮಗ ಪಾಠ ಶುರುಮಾಡಿದ. ಅವರು ಮಾತಾಡದೆ ಒಂದು ತುಂಡು ಕತ್ತರಿಸಿ ಕುಡಿಯುವ ನೀರಿನ ಬಕೆಟಿಗೆ ಹಾಕಿದರು. ತೇಲಿತು. ದುಡ್ಡು ತೆಗೆದುಕೊಳ್ಳಲಿಲ್ಲ. ಇಷ್ಟು ಚಿಕ್ಕದಕ್ಕೆ ಬಿಲ್ಲು ಬರೆಯಲು ನಾಚಿಕೆಯಾಯಿತೋ ಏನೋ.

ನೀರು ತೋಡಲು ಒಂದು ಪಾತ್ರೆಯನ್ನೂ ದೋಣಿಗೆ ಕಟ್ಟಿರಬೇಕು. ಅಮ್ಮನ ಐದು ಲೀಟರಿನ ತೆಂಗಿನೆಣ್ಣೆ ಕ್ಯಾನನ್ನು ಮಗ ಓರೆಯಾಗಿ ಕತ್ತರಿಸಿದ. ಎಣ್ಣೆ ಮುಗಿದಿತ್ತಾ ಅಂತ ನೋಡುವ ಅಭ್ಯಾಸ ಅವನಿಗಿಲ್ಲ. ಆ ಮಧ್ಯಾಹ್ನ ಅಂಗಳ ದಾಟಿದವರೆಲ್ಲ ಜಾರಿದರು, ಅಂಚೆಯಣ್ಣನೂ ಸೇರಿ.

ಅಭ್ಯಾಸ ಕೋಡಿ ಬೆಂಗ್ರೆಯ ಹತ್ತಿರ, ಸೀತಾ ಮತ್ತು ಸುವರ್ಣಾ ನದಿಗಳು ಕಡಲಿಗೆ ಸೇರುವ ಕಡೆ, ಒಳಗಿನ ನೀರಿನಲ್ಲಿ. ಬೆಳಿಗ್ಗೆ ನೆಲದ ಕಡೆಯಿಂದ ಸುಮ್ನೆ ಹೆಸರಿಗೆ ಗಾಳಿ. ಮಧ್ಯಾಹ್ನ ಕಡಲಗಾಳಿ ಎದ್ದ ಮೇಲೆಯೇ ಮಜಾ. ಆ ದಿನ ಕೋಚ್ ಮಗುಚುವ ಪಾಠ ಇಟ್ಟಿದ್ದರು. ದೋಣಿಯನ್ನು ಬೇಕಂತಲೇ ಮಗುಚಬೇಕು, ತಳದಿಂದ ಹೊರಚಾಚಿದ ಅಡಿಹಲಗೆ ಹಿಡಿದು ಹತ್ತಿ ನಿಲ್ಲಿಸಬೇಕು, ನೀರು ತೋಡಬೇಕು, ಮತ್ತೆ ಹೊರಡಬೇಕು. ಒಳಗೆ ಗಾಳಿ ತುಂಬಿದ ಮೂರು ಚೀಲ ಇರುವುದರಿಂದ ಅದು ಮುಳುಗುವುದಿಲ್ಲ. ಇದು ನಮಗೆ ಗೊತ್ತು. ಅಲ್ಲೇ ನಾಡದೋಣಿಯಲ್ಲಿ ಮೀನು ಹಿಡಿಯುತ್ತಿದ್ದ ಒಬ್ಬ ಅಜ್ಜನಿಗೆ ಗೊತ್ತಿರಲಿಲ್ಲ.

ಮಗ ಮಗುಚಿದ. ಅಜ್ಜ ಬಿರುಸಾಗಿ ಹುಟ್ಟು ಹಾಕಿಕೊಂಡು ಬಂದು, ಲೈಫ್ ಜಾಕೆಟಿನ ಹೆಗಲು ಹಿಡಿದು ಅವನನ್ನು ತಮ್ಮ ದೋಣಿಗೆ ಎಳೆದು ಹಾಕಿಕೊಂಡರು. ಕೋಚ್ ದಡದಿಂದ ಕಿರುಚಿ, ಬೇಡಿ, ಕೊನೆಗೆ ಬಿಡಿಸಿದರು. ಮಗ ಮತ್ತೆ ಮಗುಚಿದ. ಅಜ್ಜ ಮತ್ತೆ ಬಂದರು. ಈ ಸಲ ಮೀನಿನ ಬುಟ್ಟಿಯ ಪಕ್ಕ ಕೂರಿಸಿ, ಟವೆಲಿನಿಂದ ತಲೆಯನ್ನೂ ಒರೆಸಿದರು. "ಬೇಕಂತಲೇ ಮಗುಚುವುದಾ? ಇದಕ್ಕೆ ಫೀಸೂ ಉಂಟಾ?" ಅಂತ ನನ್ನನ್ನು ಕೇಳಿದರು. ಉಂಟು ಅಂದೆ. ಆಮೇಲೆ ಅವರು ಮಾತಾಡಲಿಲ್ಲ. ಅಭ್ಯಾಸ ಮುಗಿಯುವ ತನಕ ಅಲ್ಲೇ ಕಾವಲು ನಿಂತಿದ್ದರು.

ಮನೆಯಲ್ಲಿ ಊಟದ ಗಲಾಟೆ ಬೇರೆ. ಗಾಳಿ ಜೋರಿದ್ದರೆ ಭಾರ ಬೇಕು, ಕಡಿಮೆ ಇದ್ದರೆ ಹಗುರ ಇರಬೇಕು ಅಂತ ಕೋಚ್ ಹೇಳಿದ್ದರು. ಅಮ್ಮ ಕೇಳಿಸಿಕೊಂಡದ್ದು ಮೊದಲರ್ಧ ಮಾತ್ರ. ದಿನಾ ಕಡುಬು, ತುಪ್ಪ.

ನಿಯಮಗಳಂತೂ ಅವನಿಗೆ ಬಾಯಿಪಾಠ. ಗಾಳಿ ಬಲಗಡೆಯಿಂದ ಬರುತ್ತಿರುವ ದೋಣಿಗೆ ಎಡಗಡೆಯಿಂದ ಬರುತ್ತಿರುವ ದೋಣಿ ದಾರಿ ಬಿಡಬೇಕು. ಬಲದವನು "ಸ್ಟಾರ್‌ಬೋರ್ಡ್!" ಅಂತ ಕೂಗಿದರೆ ಮುಗಿಯಿತು. ಈಗ ಬಚ್ಚಲಿಗೆ ಹೋಗುವಾಗಲೂ ಕೂಗುತ್ತಾನೆ. ನಮ್ಮ ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸುಗಳು ಯಾವ ಕಡೆಯಿಂದ ಗಾಳಿ ಬೀಸಿದರೂ ಸ್ಟಾರ್‌ಬೋರ್ಡ್‌ನಲ್ಲೇ ಇರುತ್ತವೆ ಅಂತ ಆಗಲೇ ನನಗೆ ಹೊಳೆದದ್ದು.

ಮೊನ್ನೆ ಗಣಿತ ಪರೀಕ್ಷೆಯ ಪೇಪರ್ ತಂದ. 25ಕ್ಕೆ 7. ಹಾಯಿದೋಣಿ ರೇಸಿನಲ್ಲಿ ಮೊದಲು ಬಂದವನಿಗೆ 1 ಅಂಕ, ಎರಡನೆಯವನಿಗೆ 2. ಕೊನೆಗೆ ಯಾರ ಅಂಕ ಕಡಿಮೆಯೋ ಅವನೇ ಗೆದ್ದ. ಆ ಲೆಕ್ಕದಲ್ಲಿ ತರಗತಿಯಲ್ಲಿ ತನಗಿಂತ ಮುಂದೆ ಇಬ್ಬರೇ ಇದ್ದಾರೆ ಅಂದ. ನಾನು ಸಹಿ ಹಾಕಲು ಪೆನ್ನು ತೆಗೆದೆ. ಅಡುಗೆಮನೆಯಿಂದ ಹೆಂಡತಿ ಜೋರಾಗಿ, "ಪ್ರೊಟೆಸ್ಟ್!" ಅಂದಳು. ರೇಸಿನ ನಿಯಮದ ಪ್ರಕಾರ ಹಾಗೆ ಕೂಗಿ ದೂರು ಕೊಟ್ಟರೆ ವಿಚಾರಣೆ ಆಗಲೇಬೇಕು. ರಾತ್ರಿ ಊಟ ಆದ ಮೇಲೆ ಇಟ್ಟಿದ್ದಾಳೆ. ನನ್ನನ್ನು ಸಾಕ್ಷಿ ಅಂತಲ್ಲ, ಎರಡನೇ ಆರೋಪಿ ಅಂತ ಕರೆದಿದ್ದಾಳೆ.