ಒಂಬತ್ತ ಐದ್ಲೆ ಐವತ್ನಾಕು

ನಿನ್ನೆ ಸಂಜೆ ಹತ್ತನೇ ಕ್ಲಾಸಿನ ನೋಟ್‌ಬುಕ್ ತಿದ್ದೋಕೆ ಕೂತಿದ್ದೆ. ಸಮಾಂತರ ಶ್ರೇಢಿ. 2, 7, 12 ಅಂತ ಹೋಗುವ ಸಾಲಿನ ಮೊದಲ ಹತ್ತು ಪದಗಳ ಮೊತ್ತ ಎಷ್ಟು? ಉತ್ತರ 245. ಮೊದಲ ನೋಟ್‌ಬುಕ್, 245, ಟಿಕ್. ಎರಡನೇದು, ಟಿಕ್. ಚಹಾ ಕುಡೀತಾ ಟಿಕ್ ಟಿಕ್ ಅಂತ ನಡೆದಿತ್ತು. ಕೊನೇ ನೋಟ್‌ಬುಕ್ಕಿಗೆ ಬರೋ ಹೊತ್ತಿಗೆ ಕಣ್ಣು ಮೂರನೇ ಸಾಲಿನ ಮೇಲೆ ನಿಂತಿತು. 9 × 5 = 54. ಕೆಳಗೆ 5 × 49 = 245. ಅಲ್ಲ, 54ಕ್ಕೆ ಮೊದಲ ಪದದ ಎರಡರಷ್ಟು, ಅಂದರೆ 4, ಕೂಡಿಸಿದರೆ 58 ಅಲ್ವಾ? 49 ಎಲ್ಲಿಂದ ಬಂತು?

ತಿದ್ದಿ ಇಟ್ಟಿದ್ದನ್ನೆಲ್ಲ ಮತ್ತೆ ತೆಗೆದೆ. ಒಟ್ಟು 38 ನೋಟ್‌ಬುಕ್. 34ರಲ್ಲಿ ಅದೇ 54, ಅದೇ 49, ಅದೇ 245. ಉತ್ತರದ ಕೆಳಗೆ ಎಳೆದ ಜೋಡಿ ಗೆರೆ ಕೂಡ ಅದೇ ಥರ ಸೊಟ್ಟ.

ತಲೆ ಕೆಟ್ಟುಹೋಯ್ತು. ಯಾವನೋ ಜಾಣ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿದ್ದಾನೆ, ಉಳಿದವರು ಇಳಿಸಿಕೊಂಡಿದ್ದಾರೆ, ನಾಳೆ ಸಿಗಲಿ ಅಂತ ಹಲ್ಲು ಕಡೀತಾ ಗ್ರೂಪ್ ತೆಗೆದು ಮೇಲೆ ಮೇಲೆ ಹೋದೆ. ಸಿಕ್ಕಿತು. ರಾತ್ರಿ 10:52. ಕಳಿಸಿದವನು ನಾನೇ.

ನಿದ್ದೆಗಣ್ಣಲ್ಲಿ ಬರೆದು, ಫೋಟೋ ಹೊಡೆದು, ಹಾಕಿ ಮಲಗಿದ್ದೆ. ಕೆಳಗೆ 22 ಹೆಬ್ಬೆಟ್ಟು, 9 ಕೈಮುಗಿಯೋ ಚಿತ್ರ. ಒಬ್ಬರೂ 54 ನೋಡಿಲ್ಲ. ನೋಡೋದಕ್ಕೆ ಅಂತ ನಾನು ಕಳಿಸಿಯೂ ಇರಲಿಲ್ಲ ಬಿಡಿ. ಇಳಿಸಿಕೊಳ್ಳೋಕೆ ಕಳಿಸಿದ್ದೆ. ಇಳಿಸಿಕೊಂಡರು.

ಈ ಗ್ರೂಪ್ ಮಾಡಿದಾಗ ನಾನು ಎಷ್ಟು ಕುಣಿದಾಡಿದ್ದೆ ಅಂತ ನಿಮಗೆಲ್ಲ ನೆನಪಿರಬೇಕು. ಇದೇ ಗೋಡೆ ಮೇಲೆ ಭಾಷಣ ಬಿಗಿದಿದ್ದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ರಾಜ್ಯಕ್ಕೇ ಕೊನೆ. 2025ರಲ್ಲಿ ಶೇ. 42.43 ತಗೊಂಡು ನಮ್ಮ ಕಲಬುರಗಿ ಕೊನೆ. ಕೊನೇ ಬೆಂಚನ್ನ ಅಕ್ಕಪಕ್ಕದವರೇ ಹಂಚಿಕೊಂಡು ಕೂತಿದ್ದೇವೆ. ಆಮೇಲೆ ಶುರುವಾಯ್ತು ನೋಡಿ, ಪಿಡಿಎಫ್ ಮಳೆ. ಪಾಸಾಗೋಕೆ ಬೇಕಾದಷ್ಟೇ ಪ್ರಶ್ನೆ ಆರಿಸಿದ ಪಾಸಿಂಗ್ ಪ್ಯಾಕೇಜ್, ಒಂದು ಅಂಕದ್ದು, ಎರಡು ಅಂಕದ್ದು, ಎಲ್ಲ ಬಿಡಿಸಿದ ಉತ್ತರದ ಸಮೇತ. ಎಲ್ಲವನ್ನೂ ಗ್ರೂಪಿಗೆ ತಳ್ಳಿ, ಸ್ಕ್ರೀನ್‌ಶಾಟ್ ಮೇಲಿನ ಅಧಿಕಾರಿಗಳಿಗೆ ಕಳಿಸಿದರೆ ನನ್ನ ಗಣಿತ ಪಾಠ ಮುಗೀತು. ನಾನೂ ತಳ್ಳಿದವನೇ. ಉತ್ತರ, ಉತ್ತರ, ಉತ್ತರ. ನಡುವೆ ಯಾರದೋ ತಂದೆಯ ಗುಲಾಬಿ ಹೂವಿನ ಶುಭೋದಯ.

ನಮ್ಮ ಸ್ಟಾಫ್ ರೂಮಿನ ಹಿರಿಯರೊಬ್ಬರು, 'ಮೊಬೈಲ್ ಹಿಡದ್ರ ಹುಡುಗ್ರು ಕೆಡ್ತಾವ್ರಿ ಸರ, ಗ್ರೂಪ್ ಡಿಲೀಟ್ ಮಾಡಿ ಒಗೀರಿ' ಅಂದರು. ಅವರ ಮಾತಲ್ಲೂ ಅರ್ಥ ಇದೆ ಅಂತ ಹೇಳಬಹುದಿತ್ತು, ಹೇಳಲ್ಲ. ಇದೇ ಮಹಾಶಯರು 8 ÷ 2(2+2) ಅನ್ನೋ ಫಾರ್ವರ್ಡ್ ಇಟ್ಕೊಂಡು ಟೀಚರ್ಸ್ ಗ್ರೂಪಿನಲ್ಲಿ ನಡುರಾತ್ರಿವರೆಗೆ 16 ಸರಿ, 1 ತಪ್ಪು ಅಂತ ಜಗಳ ಆಡಿದವರು. ಪುಣ್ಯಾತ್ಮ, ಬರೆದ ರೀತಿಯೇ ಗೊಂದಲ, ಇನ್ನೊಂದು ಕಂಸ ಹಾಕಿದ್ದರೆ ಜಗಳವೇ ಇಲ್ಲ. ಆದರೂ ಅವತ್ತು ಆ ಸತ್ತ ಗ್ರೂಪಿಗೆ ಜೀವ ಬಂದಿತ್ತು, ಯಾಕೆ? ಉತ್ತರ ಯಾರೂ ಹಾಕಿರಲಿಲ್ಲ, ಅದಕ್ಕೆ.

ನಮ್ಮ ಮಕ್ಕಳ ಗ್ರೂಪಿಗೂ ಒಂದೇ ಒಂದು ಸಲ ಹಾಗೆ ಜೀವ ಬಂದಿತ್ತು. ಸೇಡಂ ಬಸ್ಸಿನಲ್ಲಿ ಬರುವಾಗ ಮಳಖೇಡದ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಸುಮ್ನೆ ಟೈಪ್ ಮಾಡಿದ್ದೆ: 139 × 109 ಎಷ್ಟು, ಕೈಯಿಂದಲೇ ಮಾಡಿ. 15151. ಈ ಕಡೆಯಿಂದ ಓದಿದರೂ ಅದೇ, ಆ ಕಡೆಯಿಂದ ಓದಿದರೂ ಅದೇ. ಅಮೋಘವರ್ಷ ನೃಪತುಂಗ ಇದೇ ಮಳಖೇಡದಿಂದ ಆಳುತ್ತಿದ್ದಾಗ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ತನ್ನ ಗಣಿತದ ಪುಸ್ತಕದಲ್ಲಿ ಕೊಟ್ಟ ಲೆಕ್ಕ ಇದು. ಇಂಥ ಸಂಖ್ಯೆಗಳನ್ನ ಆತ ಕೊರಳ ಹಾರಕ್ಕೆ ಹೋಲಿಸಿದ್ದಾನೆ. ಅಷ್ಟು ಹೇಳಿ ಸುಮ್ಮನಾದೆ. ಒಬ್ಬಳು 111 × 111 ಹಾಕಿದಳು. ಲಾಸ್ಟ್ ಬೆಂಚಿನ ಒಬ್ಬ 77 × 13 ಅಂತ ಹಾಕಿದ. 1001! ಬಾಯಿಬಿಟ್ಟು ಮಾತಾಡದ ಹುಡುಗ. ನನಗೆ ಬಸ್ಸಿನಲ್ಲೇ ಎದ್ದು ನಿಲ್ಲಬೇಕು ಅನ್ನಿಸಿತ್ತು. ಮರುದಿನ ಏನು ಮಾಡಿದೆ? ಪಾಸಿಂಗ್ ಪ್ಯಾಕೇಜ್ ಭಾಗ ಎರಡು.

ಉಳಿದ ನಾಲ್ಕು ನೋಟ್‌ಬುಕ್ ವಿಷಯ ಹೇಳಲೇ ಇಲ್ಲ. ಮೂರು ಖಾಲಿ. ನಾಲ್ಕನೇದರಲ್ಲಿ ಉತ್ತರ 290. ಅದಕ್ಕೆ ನಾನು ಕೆಂಪು ಶಾಯಿಯಲ್ಲಿ ದೊಡ್ಡದಾಗಿ ತಪ್ಪು ಹಾಕಿದ್ದೆ. ಮತ್ತೆ ನೋಡಿದರೆ, ಆ ಹುಡುಗಿ ಫೋಟೋದಿಂದ ಮೂರು ಸಾಲು ಇಳಿಸಿಕೊಂಡು ಅಲ್ಲಿಂದ ಮುಂದೆ ತಾನೇ ಮಾಡಿದ್ದಾಳೆ. 4 + 54 = 58. 5 × 58 = 290. ಪಕ್ಕದ ಮಾರ್ಜಿನ್‌ನಲ್ಲಿ ಪೆನ್ಸಿಲ್ಲಿನಿಂದ ಎರಡೆರಡು ಸಲ ಗುಣಿಸಿ ಅಳಿಸಿದ ಗುರುತು. ಅವರ ಮನೆಗೆ ಒಂದೇ ಫೋನು, ಅದು ಅಪ್ಪನ ಜೇಬಿನಲ್ಲಿ. ಅಪ್ಪ ಕಲ್ಲಿನ ಗಣಿಯಿಂದ ಬರೋದು ರಾತ್ರಿ. ಬಂದಮೇಲೆ ಅರ್ಧ ಗಂಟೆ ಇವಳ ಪಾಲಿಗೆ. ಆ ಅರ್ಧ ಗಂಟೆಯಲ್ಲಿ ಇಡೀ ಕ್ಲಾಸಿನಲ್ಲಿ ಲೆಕ್ಕ ಮಾಡಿದವಳು ಇವಳೊಬ್ಬಳೇ. ಮೇಷ್ಟ್ರ ತಪ್ಪನ್ನ ನಂಬಿ ಕೆಟ್ಟಳು. 34 ಕಾಪಿಗೆ ನನ್ನ ಟಿಕ್, ಇವಳಿಗೆ ತಪ್ಪು. ನಾಚಿಕೆ ಆಯ್ತು ಮಾರಾಯ್ರೇ, ಸುಳ್ಳು ಯಾಕೆ ಹೇಳಲಿ.

ಹೆಸರು ಕಾಣದ ಹಾಗೆ ಆ ಪುಟದ ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. 'ಈ 290 ಎಲ್ಲಿಂದ ಬಂತು?' ಇಷ್ಟೇ. ನನ್ನ ಹಳೇ ಫೋಟೋ ಡಿಲೀಟ್ ಮಾಡೋಣ ಅಂತ ಕೈ ಹೋಯ್ತು, ಮಾಡಲಿಲ್ಲ.

ಅರ್ಧ ಗಂಟೆ ಯಾರೂ ತುಟಿ ಬಿಚ್ಚಲಿಲ್ಲ. ಒಬ್ಬ ಅಭ್ಯಾಸ ಬಲದಿಂದ ಹೆಬ್ಬೆಟ್ಟು ಒತ್ತಿದ. ಆಮೇಲೆ ಒಬ್ಬ ಹುಡುಗನ ವಾಯ್ಸ್ ಮೆಸೇಜ್ ಬಂತು, 11 ಸೆಕೆಂಡಿನದು. ಹಿಂದೆ ಯಾರೋ ಪಟಪಟ ರೊಟ್ಟಿ ಬಡಿಯೋ ಸದ್ದು. 'ಸರ, ಒಂಬತ್ತ ಐದ್ಲೆ ನಲವತ್ತೈದ್ರಿ. ಐವತ್ನಾಕು ಅಂತ ಯಾರ್ ಬರದಾರ್ರಿ?'

ನಾನು ಕೇಳಿಸಿಕೊಂಡಿದ್ದು ಮೆಸೇಜ್ ಇನ್ಫೋ ಒತ್ತಿದರೆ ಅವನಿಗೆ ಕಾಣುತ್ತೆ. ಉತ್ತರ ಇನ್ನೂ ಹಾಕಿಲ್ಲ.