ಅವ್ವನ ಥೈರಾಯ್ಡ್ ಗುಳಿಗಿ ಮತ್ತ ಹಗೇವಿನ ಜೋಳ

"ಇಪ್ಪತ್ತು ದಿನ ಆತು ಗುಳಿಗಿ ಬಿಟ್ಟು. ಏನಾತು? ಸತ್ನೇನು?" ಅಂತ ನಮ್ಮವ್ವ ಹೋದ ತಿಂಗಳು ನನಗೇ ಸವಾಲ್ ಹಾಕಿದ್ಳು. ಎಂಟು ವರ್ಷದಿಂದ ಥೈರಾಯ್ಡ್ ಗುಳಿಗಿ ತಗೋತಾಳ, ನೂರು ಗುಳಿಗಿದು ಬಾಟ್ಲಿ ಬರ್ತದಲ್ಲ ಅದು. ತಿಂಗಳ ಮೊದಲ್ನೇ ದಿನ ನಾನೇ ಸೀಲ್ ತೆಗೆದು ಕೊಟ್ಟಿದ್ದೆ, ಅವತ್ತು ಕೈಯಾಗ ಹಿಡದು ನೋಡಿದ್ರ ಇನ್ನೂ ಕುತ್ತಿಗಿ ತನಕ ತುಂಬ್ಯಾದ, ಅಲುಗಾಡ್ಸಿದ್ರ ಸದ್ದೇ ಇಲ್ಲ.

ವಿಚಾರಿಸಿದ್ರ, ಯಾವುದೋ ಮದುವ್ಯಾಗ ಭೇಟಿಯಾದ ಅಕ್ಕಾ ಒಬ್ರು ಹೇಳ್ಯಾರಂತ, ಈ ಗುಳಿಗಿ ಲಿವರ್‌ನಾಗ ಕೂಡಕೋತ ಹೋಗ್ತದ, ವರ್ಷಾನುಗಟ್ಲೆ ಹೊರಗೇ ಬರಂಗಿಲ್ಲ, ಅದಕ್ಕ ಡಿಟಾಕ್ಸ್ ಪೌಡರ್ ಕುಡೀಬೇಕು ಅಂತ. ಪೌಡರ್ ಮಾರೋರೂ ಅವರೇ ಅನ್ನೋದು ಬ್ಯಾರೆ ಮಾತು.

ನನಗ ಸಿಟ್ಟು ಬಂದಿದ್ದು ಪೌಡರ್ ರೊಕ್ಕಕ್ಕಲ್ಲ. ಇಪ್ಪತ್ತು ದಿನ ಏನೂ ಆಗ್ಲಿಲ್ಲ ಅನ್ನೋದನ್ನೇ ಅವ್ವ ಸಾಕ್ಷಿ ಮಾಡಿಕೊಂಡಾಳಲ್ಲ, ಅದಕ್ಕ. ಈ ಹಾರ್ಮೋನು ಮೈಯಾಗಿಂದ ಹೋಗೋದೇ ಭಾಳ ನಿಧಾನ. ಗುಳಿಗ್ಯಾಗ ಇರೋದು ಟಿ4, ಅಂದ್ರ ಥೈರಾಕ್ಸಿನ್. ಅದು ರಕ್ತದಾಗ 99 ಪರ್ಸೆಂಟ್‌ಗಿಂತ ಜಾಸ್ತಿ ಪ್ರೋಟೀನಿಗೆ ಅಂಟಿಕೊಂಡೇ ಇರ್ತದ, ಹಂಗಾಗಿ ಅರ್ಧ ಖಾಲಿ ಆಗ್ಲಿಕ್ಕೆ ಸುಮಾರು ಏಳು ದಿನ ಬೇಕು. ಮತ್ತೇಳು ದಿನಕ್ಕ ಕಾಲು ಭಾಗ ಉಳೀತದ, ಮೂರು ವಾರಕ್ಕ ಎಂಟನೇ ಒಂದು ಭಾಗ. ನಮ್ಮಜ್ಜಿ ಮನ್ಯಾಗ ಹಗೇವು, ಅಂದ್ರ ಜೋಳ ಕೂಡಿಡೋ ನೆಲದೊಳಗಿನ ಕುಣಿ, ಇತ್ತು, ಸುಗ್ಗಿ ಹಾಳಾದ ವರ್ಷಾನೂ ರೊಟ್ಟಿಗೇನು ಕಮ್ಮಿ ಆಗ್ತಿರ್ಲಿಲ್ಲ, ನಾವು ಹುಡುಗ್ರಿಗೆ ಬರ ಅಂದ್ರೇನು ಅಂತ ಗೊತ್ತಾಗಿದ್ದು ಅಜ್ಜಿ ಕೆಳಗ ಇಳದು ತಳ ಬಳ್ಯಾಕ ಹತ್ತಿದಾಗ. ಅವ್ವ ಇಪ್ಪತ್ತು ದಿನ ತಿಂದಿದ್ದು ಹಗೇವಿನ ಜೋಳ.

ಇನ್ನ ಲಿವರ್‌ನಾಗ ಕೂಡ್ತದ ಅನ್ನೋ ಮಾತು. ಖರೇ ಹೇಳ್ಬೇಕಂದ್ರ ಲಿವರ್ ಅದನ್ನ ಹೊರಗ ಹಾಕೋ ಜಾಗ! ಟಿ4 ಅಂದ್ರ ಎರಡು ಉಂಗುರದಾಗ ನಾಲ್ಕು ಅಯೋಡಿನ್ ಇರೋದು. ಲಿವರ್, ಕಿಡ್ನಿ, ಮತ್ತ ಬ್ಯಾರೆ ಭಾಗದಾಗ ಇರೋ ಎಂಜೈಮುಗಳು, ಸೆಲೆನಿಯಂ ಇಲ್ದೆ ಇವು ನಡ್ಯಂಗಿಲ್ಲ, ಒಂದೊಂದೇ ಅಯೋಡಿನ್ ಕಿತ್ತಕೋತ ಹೋಗ್ತಾವ. ಮಜಾ ಏನಂದ್ರ ಯಾವ ಕಡಿಂದು ಕಿತ್ತರು ಅನ್ನೋದ್ರ ಮ್ಯಾಲೆ ಎಲ್ಲಾ ನಿಂತದ. ಹೊರಗಿನ ಉಂಗುರದ್ದು ಕಿತ್ರ ಟಿ3 ಆಗ್ತದ, ಅದೇ ಜೋರಾಗಿ ಕೆಲಸ ಮಾಡೋ ಹಾರ್ಮೋನು, ಒಳಗಿನ ಉಂಗುರದ್ದು ಕಿತ್ರ ರಿವರ್ಸ್ ಟಿ3, ಅದು ಕೆಲಸಕ್ಕ ಬರಂಗಿಲ್ಲ. ಅಂದ್ರ ಒಡಿಯೋದೂ ತಯಾರ್ ಮಾಡೋದೂ ಒಂದೇ ಕೆಲಸ. ಜೋರು ಜಡ್ಡು ಬಂದಾಗ ಮೈ ಟಿ3 ಕಡಿಮಿ ಮಾಡಿ ರಿವರ್ಸ್ ಕಡೀಗೆ ತಿರುಗ್ತದ, ಅದಕ್ಕೇ ಆಸ್ಪತ್ರ್ಯಾಗ ಅಡ್ಮಿಟ್ ಇದ್ದಾಗ ಮಾಡ್ಸಿದ ಥೈರಾಯ್ಡ್ ಟೆಸ್ಟ್ ನೋಡಿ ಗಾಬರಿ ಆಗ್ಬ್ಯಾಡ್ರಿ.

ಕಿತ್ತ ಅಯೋಡಿನ್ ಒಂದಿಷ್ಟು ಥೈರಾಯ್ಡ್ ಗ್ರಂಥಿ ಮತ್ತ ಎಳಕೋತದ, ಉಳಿದಿದ್ದು ಕಿಡ್ನಿ ಮೂಲಕ ಉಚ್ಚ್ಯಾಗ ಹೋಗ್ತದ. ಊರಾಗ ಉಪ್ಪಿನ ಅಯೋಡಿನ್ ಸಾಕಾಗ್ತದೋ ಇಲ್ಲೋ ಅಂತ ನೋಡ್ಲಿಕ್ಕೆ ಸಾಲಿ ಹುಡುಗರ ಉಚ್ಚಿ ಯಾಕ ಟೆಸ್ಟ್ ಮಾಡ್ತಾರ ಅಂತ ನನಗ ಮೊದಲು ಗೊತ್ತೇ ಇರ್ಲಿಲ್ಲ. ಇನ್ನೊಂದು ದಾರಿ, ಲಿವರ್ ಹಾರ್ಮೋನಿಗೆ ಸಲ್ಫೇಟೋ ಗ್ಲುಕುರಾನಿಕ್ ಆಸಿಡೋ ಜೋಡಿಸಿ ಪಿತ್ತದಾಗ ಬಿಡ್ತದ, ಅದು ಕರುಳಿಗೆ ಇಳೀತದ, ಅಲ್ಲಿ ಬ್ಯಾಕ್ಟೀರಿಯಾ ಒಂದಿಷ್ಟನ್ನ ಬಿಡಿಸಿ ವಾಪಸ್ ರಕ್ತಕ್ಕ ಕಳಸ್ತಾವ, ಮಿಕ್ಕಿದ್ದು ಸುಮಾರು 20 ಪರ್ಸೆಂಟ್ ಮಲದಾಗ ಹೋಗ್ತದ. ಇಷ್ಟೆಲ್ಲ ಫ್ರೀ ಅದ, ಯಾವ ಪೌಡರೂ ಬ್ಯಾಡ.

ಲಿವರ್ ಈ ಕೆಲಸ ಜೋರು ಮಾಡಿದ್ರೂ ತ್ರಾಸೇ. ನಮ್ಮ ಓಣ್ಯಾಗ ಟಿಬಿ ಗುಳಿಗಿ ಶುರು ಮಾಡಿದ ಕಾಕಿ ಒಬ್ರಿಗೆ ಥೈರಾಯ್ಡ್ ಡೋಸ್ ಏಕದಮ್ ಸಾಲ್ದೇ ಹೋಯ್ತು. ರಿಫಾಂಪಿಸಿನ್ ಲಿವರಿನ ಎಂಜೈಮುಗಳನ್ನ ಎಬ್ಬಿಸ್ತದ, ಟಿ4 ಜಲ್ದಿ ಹೊರಗ ಬೀಳ್ತದ. ಫಿಟ್ಸಿಗೆ ಕೊಡೋ ಫೆನಿಟೋಯಿನ್, ಕಾರ್ಬಮಜೆಪಿನ್ ಕೂಡ ಹಂಗೇ. ಮನ್ಯಾಗ ಯಾರರೇ ಎರಡೂ ತಗೊಳ್ಳವ್ರು ಇದ್ರ ಡಾಕ್ಟರಿಗೆ ಬಾಯಿಬಿಟ್ಟು ಹೇಳ್ರಿ, ಅವರೇ ಕೇಳ್ತಾರ ಅಂತ ಕೂಡಬ್ಯಾಡ್ರಿ.

ಅವ್ವನ್ನ ಬಿಸಲಾಗ ಆಟೋ ಮಾಡಿ ಲ್ಯಾಬಿಗೆ ಕರಕೊಂಡು ಹೋದೆ. ಟಿಎಸ್‌ಎಚ್, ಅಂದ್ರ ಮೈಯಾಗ ಥೈರಾಯ್ಡ್ ಹಾರ್ಮೋನು ಕಡಿಮಿ ಆದ್ರ ಏರೋ ಹಾರ್ಮೋನು, 18 ಬಂತು, ಮೊದಲಿಂದು 3 ಇತ್ತು. ಡಾಕ್ಟರ್ ಗುಳಿಗಿ ಮತ್ತ ಶುರು ಮಾಡಿ, ಆರು ವಾರ ಬಿಟ್ಟು ಟೆಸ್ಟ್ ಮಾಡ್ಸ್ರಿ ಅಂದ್ರು. "ಆರು ವಾರ ಯಾಕ್ರಿ, ಮುಂದಿನ ವಾರಾನೇ ಮಾಡ್ಸಿದ್ರ?" ಅಂತ ಅವ್ವ ಕೇಳಿದ್ಳು. ನಾನೇ ಹೇಳ್ದೆ, ಹಗೇವು ತುಂಬ್ಲಿಕ್ಕೂ ಅಷ್ಟೇ ದಿನ ಬೇಕಲ್ಲ ಅವ್ವಾ, ತುಂಬೋಕಿಂತ ಮೊದಲೇ ಅಳದ್ರ ಏನು ತಿಳೀತದ.

ಈಗ ಮುಂಜಾನೆ ಚಾಕ್ಕಿಂತ ಮೊದಲೇ ಗುಳಿಗಿ ನುಂಗ್ಲಕತ್ತಾಳ, ದಿನಾ ಬಾಟ್ಲಿ ಅಲುಗಾಡ್ಸಿ ನನಗ ಸದ್ದು ಕೇಳಸ್ತಾಳ. ಪೌಡರ್ ಡಬ್ಬಿ ಮಾತ್ರ ಒಗೀಲಿಲ್ಲ, ಮುಚ್ಚಳ ಗಟ್ಟಿ ಅದ ಅಂತ ಅದ್ರಾಗ ಜೀರಗಿ ತುಂಬಿಟ್ಟಾಳ.